ಮೂರು ಸೆಂಟಿಮೀಟರ್ ಥರ್ಮೋಕೋಲ್

ಹೊಸ ಬೈಕ್ ಕೊಳ್ಳಲು ಷೋರೂಮಿಗೆ ಹೋದವರು ಮೊದಲು ಕೇಳುವುದು ಸಿಸಿ ಎಷ್ಟು ಅಂತ, ಆಮೇಲೆ ಮೈಲೇಜ್. ಹೆಲ್ಮೆಟ್‌ನ ಮಾತು ಬರುವುದು ಬಿಲ್ ಹಾಕುವ ಹೊತ್ತಿಗೆ, ಅದೂ ಬಿಟ್ಟಿ ಕೊಡುತ್ತಾರೋ ಇಲ್ಲವೋ ಎಂದು ವಿಚಾರಿಸಲು. ಭೌತವಿಜ್ಞಾನದ ಲೆಕ್ಕ ಹಿಡಿದರೆ ಈ ಪಟ್ಟಿ ತಲೆಕೆಳಗಾಗಬೇಕು.

ಹೆಲ್ಮೆಟ್‌ನಲ್ಲಿ ಜೀವ ಉಳಿಸುವ ಮುಖ್ಯ ಭಾಗ ಹೊಳೆಯುವ ಚಿಪ್ಪಿನ ಒಳಗಡೆ ಅಡಗಿರುತ್ತದೆ. ಇಪಿಎಸ್ ಎಂಬ ಆ ಪದರ ಟಿವಿ ಪೆಟ್ಟಿಗೆಯೊಳಗೆ ಬರುವ ಥರ್ಮೋಕೋಲೇ, ಕೊಂಚ ಹೆಚ್ಚು ಸಾಂದ್ರ ಅಷ್ಟೆ. ನಿಂತ ಬೈಕಿನಿಂದ ಉರುಳಿ ಬಿದ್ದರೂ ತಲೆ ಸುಮಾರು ಒಂದೂವರೆ ಮೀಟರ್ ಎತ್ತರದಿಂದ, ಗಂಟೆಗೆ 20 ಕಿ.ಮೀ. ಹತ್ತಿರದ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಮೂರು ಮಿಲಿಮೀಟರ್ ಅಂತರದಲ್ಲಿ ಅದು ನಿಂತುಬಿಟ್ಟರೆ ಮಿದುಳು ಅನುಭವಿಸುವ ಹೊಡೆತ ಗುರುತ್ವದ 500 ಪಟ್ಟು. ಪದರ ಕುಸಿಯುತ್ತ ಆ ಅಂತರವನ್ನು ಮೂರು ಸೆಂಟಿಮೀಟರ್‌ಗೆ ಎಳೆದರೆ 50 ಪಟ್ಟು. ಇದು ಕಾಗದದ ಮೇಲಿನ ಲೆಕ್ಕ, ನಿಜಕ್ಕೂ ಪದರ ಪೂರ್ತಿ ಅಪ್ಪಚ್ಚಿಯಾಗುವುದಿಲ್ಲ. ಆದರೂ ಸೂತ್ರ ಅದೇ. ಒಮ್ಮೆ ಕುಸಿದ ಪದರ ಮತ್ತೆ ಉಬ್ಬುವುದಿಲ್ಲವಾದ್ದರಿಂದ, ದೊಡ್ಡ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಅದರ ಕೆಲಸ ಮುಗಿಯಿತು.

ಈ ತಿಳಿವಳಿಕೆಗೆ ಇನ್ನೂ ನೂರು ವರ್ಷವೂ ಆಗಿಲ್ಲ. 1935ರ ಮೇ ತಿಂಗಳಲ್ಲಿ ‘ಲಾರೆನ್ಸ್ ಆಫ್ ಅರೇಬಿಯಾ’ ಎಂದೇ ಹೆಸರಾದ ಟಿ. ಇ. ಲಾರೆನ್ಸ್ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಸೈಕಲ್ ಹುಡುಗರಿಬ್ಬರನ್ನು ತಪ್ಪಿಸಲು ಹೋಗಿ ತನ್ನ ಬ್ರಫ್ ಸುಪೀರಿಯರ್ ಬೈಕಿನಿಂದ ಎಸೆಯಲ್ಪಟ್ಟ. ಬರಿತಲೆ. ಆರು ದಿನ ಪ್ರಜ್ಞೆ ಬರದೆಯೇ ತೀರಿಕೊಂಡ. ಚಿಕಿತ್ಸೆಗೆ ಬಂದವರಲ್ಲಿ ಒಬ್ಬರು ನರಶಸ್ತ್ರತಜ್ಞ ಹ್ಯೂ ಕೇರ್ನ್ಸ್. ಮುಂದೆ ಅವರು ಬೈಕ್ ಅಪಘಾತಗಳ ತಲೆಗಾಯಗಳನ್ನು ಅಧ್ಯಯನ ಮಾಡಿ 1941ರಲ್ಲಿ ಪ್ರಕಟಿಸಿದರು; ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಸಂದೇಶವಾಹಕ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಪೆಟ್ಟಿನ ಶಕ್ತಿಯನ್ನು ಹೀರುವ ಒಳಪದರಕ್ಕೆ ಅಮೆರಿಕದ ಚಾರ್ಲ್ಸ್ ಲೊಂಬಾರ್ಡ್‌ಗೆ ಪೇಟೆಂಟ್ ಸಿಕ್ಕಿದ್ದು 1953ರಲ್ಲಿ.

ಭಾರತದಲ್ಲಿ 2021ರ ಜೂನ್ 1ರಿಂದ ಐಎಸ್ 4151 ಮಾನದಂಡದ ಐಎಸ್‌ಐ ಮುದ್ರೆ ಇಲ್ಲದ ಹೆಲ್ಮೆಟ್ ಮಾರುವಂತಿಲ್ಲ. ಫುಟ್‌ಪಾತಿನಲ್ಲಿ ಬರೀ ಸ್ಪಂಜು ತುಂಬಿದ ಟೋಪಿಗಳ ವ್ಯಾಪಾರವೇನೂ ನಿಂತಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ; ಅವರಲ್ಲಿ 14,337 ಜನ ಹಿಂದೆ ಕೂತವರು. ಕೊಳ್ಳುವಾಗ ಪಟ್ಟಿ ಬಿಗಿದು ತಲೆ ಅಲ್ಲಾಡಿಸಿದರೆ ಕೆನ್ನೆಯ ಚರ್ಮವೂ ಹೆಲ್ಮೆಟ್ ಜೊತೆಗೇ ಸರಿಯಬೇಕು. ಗದ್ದ ಮುಚ್ಚುವ ಫುಲ್‌ಫೇಸ್‌ ಮಾದರಿಯೇ ಮೇಲು, ಸೆಕೆಯ ನೆಪ ಏನೇ ಇರಲಿ.

ಇನ್ನು ಬೈಕು. ಲಾಸ್ ಏಂಜಲೀಸ್‌ನ 900 ಅಪಘಾತಗಳನ್ನು ಸ್ಥಳದಲ್ಲೇ ತನಿಖೆ ಮಾಡಿದ ಹ್ಯಾರಿ ಹರ್ಟ್ ತಂಡದ 1981ರ ವರದಿಯಲ್ಲಿ ಒಂದು ವಿಚಿತ್ರ ಅಂಶವಿದೆ. ಅಪಘಾತಕ್ಕೀಡಾದ ಸವಾರರಿಗೆ ಸರಾಸರಿ ಮೂರು ವರ್ಷದ ಹತ್ತಿರ ಅನುಭವವಿತ್ತು, ಆದರೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಆ ನಿರ್ದಿಷ್ಟ ಬೈಕಿನ ಮೇಲೆ ಐದು ತಿಂಗಳೂ ತುಂಬಿರಲಿಲ್ಲ. ಬೈಕ್ ಬದಲಾದರೆ ಅನುಭವಿಯೂ ಅರ್ಧ ಹೊಸಬನೇ. ಪೂರ್ತಿ ಹೊಸಬರಿಗೆ ಎರಡೂ ಪಾದ ನೆಲಕ್ಕೆ ಊರುವ ಎತ್ತರ, ತಳ್ಳಿ ನಿಲ್ಲಿಸಬಲ್ಲ ತೂಕ ಬೇಕು. ಸ್ಪ್ಲೆಂಡರ್ ಸುಮಾರು 112 ಕಿಲೋ, ಕ್ಲಾಸಿಕ್ 350 ಸುಮಾರು 195. ಯೂರೋಪಿನಲ್ಲಿ 1000 ಸಿಸಿ ಬೈಕ್ ಏರಲು ಚಿಕ್ಕ ಬೈಕಿನ ಲೈಸೆನ್ಸಿನಲ್ಲಿ ಎರಡು ವರ್ಷ ಕಳೆಯಬೇಕು, ಇಲ್ಲವೇ 24ರ ವಯಸ್ಸು ತಲುಪಬೇಕು. ನಮ್ಮಲ್ಲಿ 18 ತುಂಬಿದವರ ಗೇರ್ ಬೈಕ್ ಲೈಸೆನ್ಸ್ ಎಲ್ಲಕ್ಕೂ ಸಾಕು. ಹಾಗಾಗಿ ಮೆಟ್ಟಿಲು ಕಟ್ಟಿಕೊಳ್ಳುವ ಹೊಣೆ ಸವಾರನದೇ.

ಹಣ ಉಳಿದರೆ ಸಿಸಿಗಿಂತ ಮೊದಲು ಎಬಿಎಸ್‌ಗೆ ಸುರಿಯಬೇಕು. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಬೈಕನ್ನು ನಿಲ್ಲಿಸುವ ಹೆಚ್ಚಿನ ಕೆಲಸ ಮುಂಚಕ್ರದ್ದು. ಹೊಸಬರು ಹೆದರುವುದೂ ಅದಕ್ಕೇ, ಏಕೆಂದರೆ ಮುಂಚಕ್ರ ಲಾಕ್ ಆದರೆ ಬೈಕ್ ಕ್ಷಣದಲ್ಲಿ ಮಗುಚುತ್ತದೆ. ಚಕ್ರ ಉರುಳದೆ ಜಾರತೊಡಗಿದ್ದನ್ನು ಸೆನ್ಸರ್‌ನಿಂದ ಅರಿತು ಎಬಿಎಸ್ ಸೆಕೆಂಡಿಗೆ ಹಲವು ಬಾರಿ ಒತ್ತಡ ಬಿಟ್ಟು ಹಿಡಿಯುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಇದು ಕಡ್ಡಾಯ.

ಜಾಕೆಟ್ ಕೊಳ್ಳುವವರು ಭುಜ, ಮೊಣಕೈಗಳ ರಕ್ಷಾಫಲಕದ ಮೇಲೆ ‘ಇಎನ್ 1621’ ಎಂಬ ಗುರುತು ಹುಡುಕಲಿ. ಆ ಪರೀಕ್ಷೆಯಲ್ಲಿ ಐದು ಕಿಲೋ ಲೋಹವನ್ನು ಒಂದು ಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಲೆವೆಲ್ 2 ಫಲಕ ಲೆವೆಲ್ 1ಕ್ಕೆ ಅನುಮತಿಸಿದ ಬಲದ ಅರ್ಧಕ್ಕಿಂತ ತುಸು ಹೆಚ್ಚನ್ನಷ್ಟೇ ದಾಟಿಸಬಹುದು. ತೋಳು ಸಡಿಲವಾಗಿ ಫಲಕ ಪಕ್ಕಕ್ಕೆ ತಿರುಗಿದರೆ ಯಾವ ಲೆವೆಲ್ ಇದ್ದೂ ಉಪಯೋಗವಿಲ್ಲ. ಜಾಕೆಟ್‌ಗೆ ಸದ್ಯ ದುಡ್ಡಿಲ್ಲವೆನ್ನುವವರು ಗ್ಲೌಸ್‌ನಿಂದ ಆರಂಭಿಸಬಹುದು: ಬೀಳುವಾಗ ಯಾರಾದರೂ ಮೊದಲು ಚಾಚುವುದು ಅಂಗೈಯನ್ನೇ.