ಮೋಡ ಕರೆಯುವ ಮರ

ಮಲೆನಾಡಿನಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಮಳೆ ಬಿಟ್ಟು ಎಷ್ಟೋ ಹೊತ್ತಾಗಿರುತ್ತದೆ, ಅಂಗಳವೂ ಆರಿರುತ್ತದೆ. ಆದರೆ ಮಂಜು ಮುಸುಕಿದ ಮರದಡಿ ಕಾಲಿಟ್ಟರೆ ನೆತ್ತಿಯ ಮೇಲೆ ಟಪ್ಪೆಂದು ಒಂದು ಹನಿ. ಕೊಡೆ ಬಿಚ್ಚಬೇಕೋ ಬೇಡವೋ ಎಂಬುದಷ್ಟೇ ನಮ್ಮ ತಲೆಬಿಸಿ. ಅಟ್ಲಾಂಟಿಕ್ ಸಾಗರದ ಪುಟ್ಟ ದ್ವೀಪವೊಂದರ ಜನ ಆ ಹನಿಯನ್ನೇ ನಂಬಿ ಬದುಕಿದ್ದರು.

ಆ ದ್ವೀಪ ಎಲ್ ಇಯೆರ್ರೊ. ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳ ಸಾಲಿನಲ್ಲಿ ಪಶ್ಚಿಮದ ಕಟ್ಟಕಡೆಯದು; ಸುಮಾರು 270 ಚದರ ಕಿಲೋಮೀಟರ್, ಅಷ್ಟೇ. ನೆಲವೆಲ್ಲ ಜ್ವಾಲಾಮುಖಿಯ ತೂತುಗಲ್ಲು. ಬಿದ್ದ ಮಳೆಯನ್ನು ಅಲ್ಲೇ ಹೀರಿಬಿಡುತ್ತದೆ, ಹೊಳೆ ಹರಿಯುವ ಮಾತೇ ಇಲ್ಲ. ಅಲ್ಲಿನ ಮೂಲನಿವಾಸಿ ಬಿಂಬಾಚೆಗಳು ಗುಡ್ಡದ ಮೇಲಿನ ಒಂದು ಮರವನ್ನು ಪವಿತ್ರವೆಂದು ನಂಬಿದ್ದರು. ಹೆಸರು ಗರೋಯೆ. ಅದರ ಬುಡದ ಹೊಂಡಗಳಲ್ಲಿ ನಿಲ್ಲುತ್ತಿದ್ದ ನೀರೇ ಅವರಿಗೆ ಆಧಾರ.

1405ರಲ್ಲಿ ದ್ವೀಪ ಪರರ ಪಾಲಾಯಿತು. ಬಂದವರು ಬಾಯಾರಿ ಹಿಂತಿರುಗಲಿ ಎಂದು ಬಿಂಬಾಚೆಗಳು ಮರದ ಸುಳಿವನ್ನೇ ಬಿಟ್ಟುಕೊಡಲಿಲ್ಲವಂತೆ. ಕೊನೆಗೆ ಸೈನಿಕನೊಬ್ಬನಿಗೆ ಮನಸೋತ ಹುಡುಗಿ ಗುಟ್ಟು ರಟ್ಟು ಮಾಡಿದಳಂತೆ. ಇದು ದಂತಕಥೆ. ನಾಡು ಸೋತ ಕಡೆಯಲ್ಲೆಲ್ಲ ತಪ್ಪು ಹೊರಲು ಒಬ್ಬ ಹೆಣ್ಣುಮಗಳು ಸಿಕ್ಕೇ ಸಿಗುತ್ತಾಳೆ. ನಾನು ಈ ಕಥೆಯನ್ನು ಅಷ್ಟಾಗಿ ನಂಬುವುದಿಲ್ಲ.

ಮರ ಮಾತ್ರ ನಿಜ. ಸ್ಥಳೀಯರು 'ತಿಲ್' ಎನ್ನುವ ಅದು ನಮ್ಮ ದಾಲ್ಚಿನ್ನಿ, ಬೆಣ್ಣೆಹಣ್ಣುಗಳ ಕುಟುಂಬದ್ದು. ಕಡಿದರೆ ಕೆಟ್ಟ ವಾಸನೆ ಬರುತ್ತದೆಂದು ಸಸ್ಯಶಾಸ್ತ್ರಜ್ಞರು ಲ್ಯಾಟಿನ್ನಿನಲ್ಲಿ 'ನಾರುವ ಮರ' ಎಂದೇ ಹೆಸರಿಟ್ಟಿದ್ದಾರೆ. ದೇವರ ಮರಕ್ಕೆ ಎಂಥ ಬಿರುದು!

ಕೆಲಸವೆಲ್ಲ ಗಾಳಿಯದು. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತ ಕಡಲಿನ ತೇವ ಹೊತ್ತು ಬಂದು ಗುಡ್ಡಕ್ಕೆ ಬಡಿಯುತ್ತದೆ, ಮೇಲೇರುತ್ತದೆ, ತಣಿದು ಮೋಡವಾಗುತ್ತದೆ. ಆ ಮೋಡದ ಕಣಗಳು ಮಳೆಯಾಗಿ ಬೀಳಲಾರದಷ್ಟು ಹಗುರ. ಎಲೆಗೆ ತಾಗಿದಾಗ ಒಂದಕ್ಕೊಂದು ಕೂಡಿ ತೂಕ ಪಡೆಯುತ್ತವೆ, ಎಲೆಯ ತುದಿಗೆ ಜಾರಿ ತೊಟ್ಟಿಕ್ಕುತ್ತವೆ. ಹಸು ಕರೆದಂತೆ ಮರ ಮೋಡವನ್ನು ಕರೆಯುತ್ತದೆ. ಕೆಳಗಿನ ಹೊಂಡವೇ ತಂಬಿಗೆ.

1610ರ ಬಿರುಗಾಳಿಗೆ ಗರೋಯೆ ಉರುಳಿತು. ದ್ವೀಪದ ಲಾಂಛನದಲ್ಲಿ ಮೋಡ ಹೊತ್ತ ಮರ ಉಳಿಯಿತು, ಗುಡ್ಡದಲ್ಲಿ ಉಳಿದದ್ದು ಹೊಂಡಗಳು ಮಾತ್ರ. 1948ರಲ್ಲಿ ಭೀಕರ ಬರ ಬಿದ್ದು ಜನ ಊರು ಬಿಟ್ಟು ವೆನೆಜುವೆಲಾದತ್ತ ಹಡಗು ಹತ್ತಿದರು. ಮರುವರ್ಷ, ಅಂದರೆ 339 ವರ್ಷಗಳ ಮೇಲೆ, ಅರಣ್ಯ ರಕ್ಷಕರೊಬ್ಬರು ಅದೇ ಜಾಗದಲ್ಲಿ ಒಂದು ತಿಲ್ ಸಸಿ ನೆಟ್ಟರು.

ಇಂದು ಸಾನ್ ಆಂಡ್ರೆಸ್ ಹಳ್ಳಿಯ ಕಡೆಯಿಂದ ಮಣ್ಣುದಾರಿ ಹಿಡಿದು ಹೋದವರು ನೋಡುವುದು ಆ ಸಸಿಯನ್ನೇ. ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದಲ್ಲಿ, ಗುಡ್ಡದ ಸೀಳಿನಲ್ಲಿ ಕಾಂಡದ ತುಂಬ ಪಾಚಿ ಹೊದ್ದು ನಿಂತಿದೆ. ಮರ ಬೇರೆ, ಗಾಳಿ ಅದೇ, ಸೀಳೂ ಅದೇ. ಬಿಂಬಾಚೆಗಳು ಕಂಡುಕೊಂಡದ್ದು ಮರದ ಮಹಿಮೆಗಿಂತ ಜಾಗದ ಮರ್ಮ ಎಂದು ನನಗನಿಸುವುದು ಇದಕ್ಕೇ. ಬಿಸಿಲಿನ ದಿನ ಹೋದರೆ ಅದೊಂದು ಸಾಮಾನ್ಯ ಮರ. ಮೋಡ ಇಳಿದ ದಿನ ಮಾತ್ರ ಪಾಚಿ ನೆನೆದು ಕಪ್ಪಾಗುತ್ತದೆ, ಅದರ ಜಡೆಗಳಿಂದ ಹನಿ ಜಿನುಗುತ್ತದೆ. ಕೆಳಗಿನ ಹಳೆಯ ಹೊಂಡದಲ್ಲಿ ಟಪ್, ಟಪ್.