ಎಷ್ಟು ಓಡಿದರೂ ಅದೇ ಸಮಯ: ಹವ್ಯಾಸಿ ಓಟಗಾರರು ಮಾಡಬೇಕಾದುದೇನು?

ಮುಂಬ್ರಾದ ಒಂದು ಬದಿಗೆ ಪಾರ್ಸಿಕ್ ಗುಡ್ಡ, ಇನ್ನೊಂದು ಬದಿಗೆ ಖಾಡಿ. ನಡುವಿನ ಇಕ್ಕಟ್ಟಿನಲ್ಲಿ ರೈಲು ಹಳಿ, ರಸ್ತೆ, ಕಟ್ಟಡಗಳು. ಇಂತಹ ಕಡೆ ಓಡಲು ಜಾಗ ಹುಡುಕುವುದೇ ಒಂದು ಸಾಹಸ. ಹಾಗಿದ್ದರೂ 2004ರಲ್ಲಿ ಮುಂಬಯಿ ಮ್ಯಾರಥಾನ್ ಆರಂಭಗೊಂಡ ಬಳಿಕ ಥಾಣೆಯಿಂದ ಕಲ್ಯಾಣ್‌ವರೆಗೆ, ಅತ್ತ ನವಿ ಮುಂಬಯಿಯಲ್ಲೂ, ಮುಂಜಾನೆ ಬೂಟು ಕಟ್ಟಿ ಹೊರಡುವವರು ಕಾಣಸಿಗುತ್ತಾರೆ. ಹೋಟೆಲು, ಬ್ಯಾಂಕು, ಕಚೇರಿಗಳಲ್ಲಿ ದುಡಿಯುವ ತುಳು-ಕನ್ನಡಿಗರೂ ಅವರಲ್ಲಿದ್ದಾರೆ.

ಮೊದಲ ಕೆಲವು ತಿಂಗಳು ಉತ್ಸಾಹವೇ ಉತ್ಸಾಹ. 5 ಕಿಲೋಮೀಟರ್ ಓಡಲು 45 ನಿಮಿಷ ಬೇಕಾಗಿದ್ದವರಿಗೆ 40, ಬಳಿಕ 35 ನಿಮಿಷ ಸಾಕಾಗುತ್ತದೆ. ಆಮೇಲೆ ಎಷ್ಟು ಬೆವರು ಸುರಿಸಿದರೂ ಗಡಿಯಾರ ಅಲ್ಲಿಂದ ಕದಲುವುದಿಲ್ಲ. 'ಇನ್ನು ವಯಸ್ಸಾಯಿತು' ಎಂದು ಬೂಟು ಅಟ್ಟ ಸೇರುವುದು ಇದೇ ಹಂತದಲ್ಲಿ. ಅದರೊಂದಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಹತೋಟಿಯಲ್ಲಿಡಲು ನೆರವಾಗುತ್ತಿದ್ದ ಒಳ್ಳೆಯ ಅಭ್ಯಾಸವೂ ಕೈತಪ್ಪುತ್ತದೆ. ನಿಜವಾದ ನಷ್ಟ ಇದೇ.

ಹೀಗೆ ಒಂದೇ ಕಡೆ ನಿಂತುಬಿಡುವುದು ಹವ್ಯಾಸಿಗಳ ಪಾಡು ಮಾತ್ರವಲ್ಲ. ಒಂದು ಮೈಲಿಯನ್ನು 4 ನಿಮಿಷದೊಳಗೆ ಓಡಿದ ಮೊದಲಿಗ, ಇಂಗ್ಲೆಂಡಿನ ರೋಜರ್ ಬ್ಯಾನಿಸ್ಟರ್ ಕೂಡ ಇದನ್ನು ಅನುಭವಿಸಿದ್ದರು. ಅವರು ಆಗ ಲಂಡನ್ನಿನಲ್ಲಿ ವೈದ್ಯಕೀಯ ವಿದ್ಯಾರ್ಥಿ. ಅಭ್ಯಾಸಕ್ಕೆ ಸಿಗುತ್ತಿದ್ದುದು ಮಧ್ಯಾಹ್ನದ ಬಿಡುವು ಮಾತ್ರ. ಸುಮಾರು 400 ಮೀಟರಿನ ಸುತ್ತನ್ನು 10 ಬಾರಿ, ನಡುವೆ 2 ನಿಮಿಷ ಬಿಡುವು ಕೊಟ್ಟು ಓಡುತ್ತಿದ್ದರು. ಒಂದು ಸುತ್ತಿಗೆ 66 ಸೆಕೆಂಡು ಇದ್ದುದು 61ಕ್ಕೆ ಇಳಿದು 1954ರ ಏಪ್ರಿಲ್‌ನಲ್ಲಿ ಅಲ್ಲಿಯೇ ನಿಂತುಬಿಟ್ಟಿತು. ಆಗ ಅವರು ಮಿತ್ರ ಕ್ರಿಸ್ ಬ್ರಾಷರ್ ಜತೆ ಸ್ಕಾಟ್ಲೆಂಡಿಗೆ ಹೋಗಿ, ಕೆಲವು ದಿನ ಓಟವನ್ನೇ ಮರೆತು ಬಂಡೆ ಹತ್ತಿದರು. ಮರಳಿ ಬಂದು, ವಿಶ್ರಾಂತಿ ಪಡೆದು ಓಡಿದಾಗ 59 ಸೆಕೆಂಡು! ಮೇ 6ರಂದು ಆಕ್ಸ್‌ಫರ್ಡ್‌ನಲ್ಲಿ 3 ನಿಮಿಷ 59.4 ಸೆಕೆಂಡಿನ ಇತಿಹಾಸ ನಿರ್ಮಾಣವಾಯಿತು.

ಶರೀರದ ಲೆಕ್ಕಾಚಾರವೇ ಹಾಗೆ. ಓಟವೆಂದರೆ ಖರ್ಚು, ಜಮೆಯಾಗುವುದು ವಿಶ್ರಾಂತಿಯಲ್ಲಿ. ಪ್ರತಿದಿನ ಅದೇ ದಾರಿ, ಅದೇ ದೂರ, ಅದೇ ವೇಗವಾದರೆ ಹೃದಯ ಮತ್ತು ಸ್ನಾಯುಗಳು ಅಷ್ಟಕ್ಕೇ ಒಗ್ಗಿಕೊಳ್ಳುತ್ತವೆ. ಹೆಚ್ಚಿನವರ ತಪ್ಪು ಏನೆಂದರೆ ನಿಧಾನವಾಗಿ ಓಡಬೇಕಾದ ದಿನ ಬಿರುಸಾಗಿ ಓಡುವುದು. ಬಿರುಸಾಗಿ ಓಡಬೇಕಾದ ದಿನ ಶಕ್ತಿ ಉಳಿಯದೇ ಇರುವುದು.

35 ನಿಮಿಷದಲ್ಲಿ 5 ಕಿಲೋಮೀಟರ್ ಓಡುವವರು ವಾರದಲ್ಲಿ ನಾಲ್ಕು ದಿನ ಓಡಿದರೆ ಸಾಕು. ಎರಡು ದಿನ ಅದೇ ದೂರಕ್ಕೆ 40 ನಿಮಿಷ ತೆಗೆದುಕೊಳ್ಳಲಿ. ಪಕ್ಕದವರೊಡನೆ ಏದುಸಿರಿಲ್ಲದೆ ಮಾತನಾಡುವಂತಿರಬೇಕು. ಒಂದು ದಿನ ಮಾತ್ರ ಬಿರುಸು: 400 ಮೀಟರನ್ನು ಎರಡೂವರೆ ನಿಮಿಷದಲ್ಲಿ ಓಡಿ, 2 ನಿಮಿಷ ನಡೆದು, ಹೀಗೆ ಆರು ಬಾರಿ. ಭಾನುವಾರ ನಿಧಾನವಾಗಿ ದೂರದ ಓಟ; 6 ಕಿಲೋಮೀಟರಿನಿಂದ ತೊಡಗಿ ಮೆಲ್ಲನೆ ಹೆಚ್ಚಿಸಬಹುದು. ಪ್ರತಿ ನಾಲ್ಕನೇ ವಾರ ಎಲ್ಲವನ್ನೂ ಕಡಿಮೆ ಮಾಡಬೇಕು.

ಜಾಗದ ಬಗ್ಗೆ ಹೇಳುವುದಾದರೆ, ಥಾಣೆಯವರಿಗೆ ಉಪವನ ಕೆರೆಯ ದಂಡೆ, ನೆರೂಳಿನವರಿಗೆ ಜ್ಯುವೆಲ್ ಆಫ್ ನವಿ ಮುಂಬಯಿ ಉದ್ಯಾನ ಸಮತಟ್ಟಾಗಿವೆ. ಮುಂಬ್ರಾದವರು ವಾರಕ್ಕೊಮ್ಮೆ ಬಿರುಸಿನ ಓಟದ ಬದಲು ಮುಂಬ್ರಾದೇವಿ ಗುಡ್ಡದ ಮೆಟ್ಟಿಲು ಹತ್ತಬಹುದು. ಕಾಲಿನ ಬಲಕ್ಕೆ ಇದು ಉತ್ತಮ. ಇಳಿಯುವಾಗ ನಿಧಾನವಿರಲಿ, ಮಳೆಗಾಲದಲ್ಲಿ ಜಾರುವ ಮೆಟ್ಟಿಲು ಬೇಡ. ಲಾರಿಗಳು ಓಡಾಡುವ ಬೈಪಾಸ್ ಕಡೆ ಮುಖ ಹಾಕದಿರುವುದೇ ಲೇಸು.

ಉಪನಗರದವರಿಗೆ ದೊಡ್ಡ ಅಡ್ಡಿ ನಿದ್ದೆಯದ್ದು. ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಬಂದು, ರಾತ್ರಿ 11ಕ್ಕೆ ಮಲಗಿ 4ಕ್ಕೆ ಏಳುವವರಿಗೆ ಯಾವ ಅಭ್ಯಾಸವೂ ಫಲ ಕೊಡದು. ಅಂತಹವರು ವಾರದಲ್ಲಿ ಒಂದು ಓಟ ಬಿಟ್ಟು ಒಂದು ತಾಸು ಹೆಚ್ಚು ಮಲಗುವುದೇ ಲಾಭ. ಅಕ್ಟೋಬರ್ ಸೆಕೆಯಲ್ಲಿ ಸಮಯ ಹಿಂದೆ ಬಿದ್ದರೂ ಎದೆಗುಂದಬೇಕಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಬೆವರು ಆರದೆ ಹೃದಯಕ್ಕೆ ಶ್ರಮ ಜಾಸ್ತಿ. ಡಿಸೆಂಬರ್ ತಂಪಿನಲ್ಲಿ ಅದೇ ಕಾಲುಗಳು ಹಗುರಾಗುತ್ತವೆ.

ಆದರೆ ವಿಶ್ರಾಂತಿ ಪಡೆದರೂ ದಣಿವು ಹೋಗದಿದ್ದರೆ ವೈದ್ಯರನ್ನು ಕಾಣಬೇಕು. ರಕ್ತಹೀನತೆ, ಥೈರಾಯ್ಡ್ ಅಥವಾ ಸಕ್ಕರೆ ಕಾಯಿಲೆ ಕಾರಣವಿರಬಹುದು. ಮಹಿಳೆಯರು ಹಿಮೋಗ್ಲೋಬಿನ್ ಪರೀಕ್ಷಿಸಿಕೊಳ್ಳುವುದನ್ನು ಮರೆಯಬಾರದು. ಎದೆನೋವು, ತಲೆಸುತ್ತು ಬಂದರೆ ಓಟ ಅಲ್ಲಿಗೇ ನಿಲ್ಲಿಸಿ ತಕ್ಷಣ ಚಿಕಿತ್ಸೆ ಪಡೆಯಬೇಕು.

ಓಡಿದ ದೂರ, ಹಿಡಿದ ಸಮಯ, ಮಲಗಿದ ತಾಸು, ಈ ಮೂರನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಎಂಟು ವಾರಗಳ ಬಳಿಕ ಪುಟ ತಿರುವಿದರೆ ಗಡಿಯಾರ ಎಲ್ಲಿ, ಏಕೆ ನಿಂತಿತ್ತೆಂದು ಸ್ವತಃ ಓಟಗಾರನಿಗೇ ತಿಳಿಯುತ್ತದೆ.