ಜ್ಞಾನಸ್ನಾನದ ಸರ್ಟಿಫಿಕೇಟಿಗೆ ತುಂಬುವ ಜಾಗಗಳಿರುವ ಟೆಂಪ್ಲೇಟು

ಅನೇಕ ಚರ್ಚ್ ಕಚೇರಿಗಳಲ್ಲಿ ಜ್ಞಾನಸ್ನಾನದ ಸರ್ಟಿಫಿಕೇಟು ತಯಾರಾಗುವ ಕ್ರಮ ಒಂದೇ. ಹಿಂದೆ ಯಾರಿಗೋ ಕೊಟ್ಟ ಫೈಲನ್ನು ತೆರೆದು, ಹೆಸರು, ತಾರೀಕು ಬದಲಿಸಿ ಪ್ರಿಂಟ್ ತೆಗೆಯುವುದು. ಅವಸರದಲ್ಲಿ ತಂದೆಯದ್ದೋ ಜ್ಞಾನತಾಯಿಯದ್ದೋ ಹೆಸರು ಹಿಂದಿನವರದ್ದೇ ಉಳಿದುಬಿಡುತ್ತದೆ. ಅದೂ ಒಂದು ಹೆಸರೇ ಆದ್ದರಿಂದ ಸಹಿ ಹಾಕುವ ವಿಗಾರರ ಕಣ್ಣಿಗೂ ತಪ್ಪೆಂದು ಕಾಣುವುದಿಲ್ಲ. ಗೊತ್ತಾಗುವುದು ಮದುವೆಯ ಸಿದ್ಧತೆಯ ಹೊತ್ತಿಗೆ, ಅದೂ ಹುಡುಗ ಗಲ್ಫ್‌ನಲ್ಲಿರುವಾಗ!

ಇದಕ್ಕೆ ಮೈಕ್ರೋಸಾಫ್ಟ್ ವರ್ಡ್‌ನಲ್ಲೇ ಪರಿಹಾರವಿದೆ. ಫೈಲ್, ಆಪ್ಶನ್ಸ್, ಕಸ್ಟಮೈಸ್ ರಿಬ್ಬನ್‌ಗೆ ಹೋಗಿ 'ಡೆವಲಪರ್' ಎಂಬುದಕ್ಕೆ ಗುರುತು ಹಾಕಿದರೆ ಮೇಲೆ ಹೊಸ ಟ್ಯಾಬ್ ಬರುತ್ತದೆ. ಹೆಸರು ಬರಬೇಕಾದಲ್ಲಿ ಕರ್ಸರ್ ಇಟ್ಟು 'ಪ್ಲೇನ್ ಟೆಕ್ಸ್ಟ್ ಕಂಟೆಂಟ್ ಕಂಟ್ರೋಲ್' ಒತ್ತಿರಿ. ತಾರೀಕಿಗೆ 'ಡೇಟ್ ಪಿಕರ್', ಮಗ ಅಥವಾ ಮಗಳು ಎಂಬಂಥದ್ದಕ್ಕೆ 'ಡ್ರಾಪ್ ಡೌನ್ ಲಿಸ್ಟ್' ಸಾಕು. 'ಡಿಸೈನ್ ಮೋಡ್'ನಲ್ಲಿ ಪ್ರತಿ ಜಾಗಕ್ಕೂ 'ತಂದೆಯ ಹೆಸರು ಬರೆಯಿರಿ' ಎಂಬ ಸೂಚನೆ ಕೊಡಬಹುದು. ತುಂಬದೆ ಬಿಟ್ಟರೆ ಆ ಸೂಚನೆಯೇ ಪ್ರಿಂಟಾಗುತ್ತದೆ. ಕೆಲವರಿಗೆ ಇದು ಕಿರಿಕಿರಿ. ನನ್ನ ಮಟ್ಟಿಗೆ ಇದೇ ಅದರ ದೊಡ್ಡ ಉಪಕಾರ: ಬಿಟ್ಟುಹೋದದ್ದು ಕೂಡಲೇ ಕಣ್ಣಿಗೆ ಬೀಳುತ್ತದೆ.

ಮಗುವಿನ ಹೆಸರು ಎರಡು ಕಡೆ ಬೇಕಾದರೆ ಇನ್ಸರ್ಟ್ ಟ್ಯಾಬ್‌ನ ಕ್ವಿಕ್ ಪಾರ್ಟ್ಸ್‌ನಲ್ಲಿ 'ಡಾಕ್ಯುಮೆಂಟ್ ಪ್ರಾಪರ್ಟಿ'ಯಿಂದ 'ಟೈಟಲ್' ಅನ್ನು ಎರಡೂ ಕಡೆ ಸೇರಿಸಿ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ತಾನಾಗಿ ಬರುತ್ತದೆ.

ಯಾವ ಯಾವ ಜಾಗಗಳು ಬೇಕು? 1983ರ ಧರ್ಮಸಭಾ ಕಾನೂನಿನ 877ನೇ ವಿಧಿ ರಿಜಿಸ್ಟರಿನಲ್ಲಿ ಏನಿರಬೇಕೆಂದು ಹೇಳುತ್ತದೆ: ಜ್ಞಾನಸ್ನಾನ ಪಡೆದವರ ಹೆಸರು, ಸಂಸ್ಕಾರ ನೀಡಿದವರು, ತಂದೆತಾಯಿ, ಜ್ಞಾನ ತಂದೆತಾಯಿ, ಸಾಕ್ಷಿಗಳಿದ್ದರೆ ಅವರು, ಸಂಸ್ಕಾರದ ಸ್ಥಳ ಮತ್ತು ದಿನ, ಹುಟ್ಟಿದ ದಿನ ಮತ್ತು ಊರು. 535ನೇ ವಿಧಿಯಂತೆ ದೃಢೀಕರಣ, ವಿವಾಹ, ಗುರುದೀಕ್ಷೆ ಮುಂತಾದವುಗಳನ್ನೂ ಅದೇ ರಿಜಿಸ್ಟರಿನಲ್ಲಿ ಗುರುತಿಸಿ, ಸರ್ಟಿಫಿಕೇಟಿನಲ್ಲೂ ಕಾಣಿಸಬೇಕು. ಆದ್ದರಿಂದ ಷರಾ ಎಂಬ ಜಾಗವನ್ನು ಎಂದೂ ಬಿಡಬೇಡಿ. ಮದುವೆಗೆ ಸರ್ಟಿಫಿಕೇಟು ಕೇಳಿದ ಚರ್ಚಿನವರು ಮುಖ್ಯವಾಗಿ ನೋಡುವುದು ಅದನ್ನೇ. ಷರಾ ಏನೂ ಇಲ್ಲದಿದ್ದರೆ 'ಇಲ್ಲ' ಎಂದೇ ಬರೆಯಿರಿ.

ಎಲ್ಲ ಆದ ಮೇಲೆ ಡೆವಲಪರ್ ಟ್ಯಾಬ್‌ನ 'ರಿಸ್ಟ್ರಿಕ್ಟ್ ಎಡಿಟಿಂಗ್'ನಲ್ಲಿ 'ಫಿಲ್ಲಿಂಗ್ ಇನ್ ಫಾರ್ಮ್ಸ್' ಆರಿಸಿ, ರಕ್ಷಣೆಯನ್ನು ಆರಂಭಿಸಿ. ಆಗ ಚರ್ಚಿನ ಹೆಸರು, ವಾಕ್ಯಗಳು ಕೈತಪ್ಪಿ ಅಳಿಯುವುದಿಲ್ಲ. ಫೈಲನ್ನು 'ವರ್ಡ್ ಟೆಂಪ್ಲೇಟ್' ಎಂದು ಉಳಿಸಿ. ಮುಂದೆ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದಾಗ ಖಾಲಿ ಜಾಗಗಳಿರುವ ಹೊಸ ಪ್ರತಿ ತೆರೆಯುತ್ತದೆ, ಮೂಲ ಹಾಗೆಯೇ ಇರುತ್ತದೆ. ವರ್ಡ್ ಒಳಗಿನ ಓಪನ್‌ನಿಂದ ತೆರೆದರೆ ಮಾತ್ರ ಮೂಲವೇ ತೆರೆದುಕೊಳ್ಳುತ್ತದೆ, ಜಾಗ್ರತೆ.

ಕನ್ನಡದ ಸರ್ಟಿಫಿಕೇಟಾದರೆ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನುಡಿಯ ಹಳೆಯ ಫಾಂಟುಗಳಲ್ಲಿ ಬರೆದದ್ದು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ವರ್ಡ್ ಇಲ್ಲದ ಕಚೇರಿಗಳು ಉಚಿತವಾದ ಲಿಬ್ರೆ ಆಫೀಸ್ ಬಳಸಬಹುದು. 2022ರ 7.4ನೇ ಆವೃತ್ತಿಯಿಂದ ಅದರ 'ಫಾರ್ಮ್' ಮೆನುವಿನಲ್ಲೂ ಇಂಥ ಜಾಗಗಳನ್ನು ಸೇರಿಸುವ ಸೌಲಭ್ಯವಿದೆ.